ಮಾರುತಿ ಜಿಪ್ಸಿಗೆ ಏರ್ ಲಾಕರ್ ಕೂರಿಸುವ ಬಗೆ

ಮಳೆಗಾಲದ ನಡುವೆ ಸಕಲೇಶಪುರದ ಕಡೆಯ ಕಾಫಿ ತೋಟದ ಏರುದಾರಿಯಲ್ಲಿ ಜಿಪ್ಸಿ ಓಡಿಸಿದವರಿಗೆ ಈ ದೃಶ್ಯ ಹೊಸದಲ್ಲ. ಎಡಮುಂದಿನ ಚಕ್ರ ನೀರು ಕೊರೆದ ಕೊರಕಲಿಗೆ ಇಳಿದು ನೇತಾಡುತ್ತದೆ, ಬಲಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ, ಫೋರ್-ವೀಲ್ ಲಿವರ್ ಎಳೆದಿದ್ದರೂ ಆ ಎರಡು ಚಕ್ರಗಳೇ ಗಿರಗಿರನೆ ತಿರುಗುತ್ತವೆ, ನೆಲವನ್ನು ಗಟ್ಟಿಯಾಗಿ ಹಿಡಿದ ಇನ್ನೆರಡು ಮಾತ್ರ ಕದಲದೆ ನಿಂತಿರುತ್ತವೆ. ಜಿಪ್ಸಿಯ ಎರಡೂ ಆಕ್ಸಲ್‌ಗಳು ಒಂದೇ ಗಟ್ಟಿ ತುಂಡಿನವು, ಅದರ ಪಟ್ಟಿ ಸ್ಪ್ರಿಂಗುಗಳು ಹೆಚ್ಚು ಇಳಿಯುವುದಿಲ್ಲ. ಆದ್ದರಿಂದ ಉದ್ದ ಕಾಯಿಲ್ ಸ್ಪ್ರಿಂಗಿನ ಗಾಡಿಗಳಿಗಿಂತ ಬೇಗ ಇದರ ಚಕ್ರ ಗಾಳಿಗೆ ಏಳುತ್ತದೆ. ಒಂದು ಆಕ್ಸಲ್‌ನ ಎರಡೂ ಚಕ್ರಗಳು ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಡಿಫರೆನ್ಷಿಯಲ್ ಲಾಕರಿನಿಂದ ಅತ್ಯಂತ ಹೆಚ್ಚು ಲಾಭ ಪಡೆಯುವ ಗಾಡಿಗಳಲ್ಲಿ ಜಿಪ್ಸಿಯೂ ಒಂದೆಂದು ನಾನು ಹೇಳುವುದು ಈ ಕಾರಣಕ್ಕೆ.

ಗಾಳಿಯ ಒತ್ತಡದಿಂದ ಕೆಲಸ ಮಾಡುವ ಲಾಕರನ್ನು ಜಿಪ್ಸಿಗೆ ಹೇಗೆ ಕೂರಿಸಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಕೆಲಸಕ್ಕೆ ಕೈಹಾಕುವವರಲ್ಲಿ ಅನೇಕರು ಕಂಪ್ರೆಸರ್, ಸ್ವಿಚ್ಚು, ನೀಲಿ ಕೊಳವೆಗಳ ಕಡೆಗೇ ಗಮನ ಕೊಡುತ್ತಾರೆ. ಅವೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಗಳು. ನಿಜವಾದ ಕೆಲಸವಿರುವುದು ಆಕ್ಸಲ್‌ನೊಳಗಿನ ದೊಡ್ಡ ಗೇರಾದ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ನಿನ ಹೊಂದಾಣಿಕೆಯಲ್ಲಿ. ಅದು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ತಪ್ಪಿದರೂ ಲಾಕರ್ ಚೆನ್ನಾಗಿಯೇ ಲಾಕ್ ಆಗುತ್ತಿರುತ್ತದೆ, ಆದರೆ ಕೆಲವು ಸಾವಿರ ಕಿಲೋಮೀಟರಿನೊಳಗೆ ಆಕ್ಸಲ್ ಕೂಗತೊಡಗುತ್ತದೆ. ಕೂದಲೆಳೆಯಷ್ಟು ಅಲುಗಾಟವನ್ನೂ ಅಳೆಯುವ ಡಯಲ್ ಗೇಜ್ ಹಿಡಿದು ಕ್ರೌನ್ ಕೂರಿಸಿ ಅಭ್ಯಾಸವಿರುವ ಮೆಕ್ಯಾನಿಕ್ ಒಬ್ಬರು ಜೊತೆಗಿಲ್ಲದೆ ಈ ಕೆಲಸವನ್ನು ಆರಂಭಿಸಬಾರದು.

ಲಾಕರಿನೊಳಗೆ ನಡೆಯುವುದೇನು

ಸಾಮಾನ್ಯ ಡಿಫರೆನ್ಷಿಯಲ್ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ವೇಗವಾಗಿ ತಿರುಗಲು ಅವಕಾಶ ಕೊಡುತ್ತದೆ. ಅದರ ಜೊತೆಗೇ ಎರಡೂ ಚಕ್ರಗಳಿಗೆ ಸಮನಾದ ತಿರುಗುಬಲವನ್ನು ಹಂಚುತ್ತದೆ. ತೊಡಕು ಹುಟ್ಟುವುದು ಈ ಸಮಪಾಲಿನಿಂದಲೇ. ಗಾಳಿಯಲ್ಲಿರುವ ಚಕ್ರವನ್ನು ತಿರುಗಿಸಲು ಬಲ ಹೆಚ್ಚು ಬೇಕಾಗುವುದಿಲ್ಲ, ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ, ಎಂಜಿನ್ನಿನ ಶಕ್ತಿ ಎಷ್ಟೇ ಇದ್ದರೂ ಗಾಡಿ ಮುಂದೆ ಹೋಗುವುದಿಲ್ಲ. ಲಾಕರ್ ಈ ಸಮಪಾಲಿನ ನಿಯಮವನ್ನು ಬೇಕಾದಾಗ ಮುರಿಯುತ್ತದೆ. ಒಂದು ಬದಿಯ ಸೈಡ್ ಗೇರನ್ನು, ಅಂದರೆ ಆಕ್ಸಲ್ ಶಾಫ್ಟಿನ ತುದಿ ಕೂರುವ ಗೇರನ್ನು, ಡಿಫರೆನ್ಷಿಯಲ್ಲಿನ ಹೊರಕವಚಕ್ಕೆ ಹಲ್ಲುಗಳಿಂದ ಕಚ್ಚಿಸಿದರೆ ಒಳಗಿನ ಸಣ್ಣ ಗೇರುಗಳಿಗೆ ಉರುಳಲು ಜಾಗವಿರುವುದಿಲ್ಲ, ಎರಡೂ ಆಕ್ಸಲ್ ಶಾಫ್ಟುಗಳು ಒಂದೇ ಸಲಾಕೆಯಂತೆ ತಿರುಗುತ್ತವೆ.

ಕಚ್ಚಿಸುವ ಕೆಲಸವನ್ನು ಗಾಳಿ ಮಾಡುತ್ತದೆ. ಕಂಪ್ರೆಸರಿನಲ್ಲಿ ಒತ್ತಡಗೊಂಡ ಗಾಳಿ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ದಾಟಿ ನೈಲಾನ್ ಕೊಳವೆಯ ಮೂಲಕ ಆಕ್ಸಲ್ ತನಕ ಬರುತ್ತದೆ. ಅಲ್ಲಿಂದ ಒಂದು ತೆಳು ತಾಮ್ರದ ಕೊಳವೆ ಅದನ್ನು ಸೀಲ್ ಹೌಸಿಂಗ್ ಎಂಬ ಬಳೆಯಂಥ ಭಾಗಕ್ಕೆ ಒಯ್ಯುತ್ತದೆ. ಈ ಬಳೆ ನಿಂತಲ್ಲೇ ನಿಂತಿರುತ್ತದೆ, ಅದರೊಳಗೆ ಲಾಕರಿನ ಕತ್ತು ತಿರುಗುತ್ತಿರುತ್ತದೆ. ಇವೆರಡರ ನಡುವೆ ಗಾಳಿ ಸೋರದಂತೆ ತಡೆಯುವುದು ಎರಡು ರಬ್ಬರ್ ಓ-ರಿಂಗುಗಳು. ಕತ್ತಿನಲ್ಲಿರುವ ರಂಧ್ರದಿಂದ ಒಳಹೋದ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಹಲ್ಲಿನ ಉಂಗುರವನ್ನು ತಳ್ಳುತ್ತದೆ. ಸ್ವಿಚ್ ಆರಿಸಿದಾಗ ವಾಲ್ವ್ ಗಾಳಿಯನ್ನು ಹೊರಬಿಡುತ್ತದೆ ಮತ್ತು ಸ್ಪ್ರಿಂಗುಗಳು ಉಂಗುರವನ್ನು ಹಿಂದಕ್ಕೆ ತಳ್ಳುತ್ತವೆ. ಕೊಳವೆ ಹರಿದರೆ ಅಥವಾ ಕರೆಂಟ್ ಹೋದರೆ ಲಾಕರ್ ಸಾಮಾನ್ಯ ಡಿಫರೆನ್ಷಿಯಲ್ ಆಗಿ ಉಳಿಯುವುದರಿಂದ, ಆ ದೋಷದೊಂದಿಗೂ ಗಾಡಿಯನ್ನು ಮನೆಗೆ ಓಡಿಸಿಕೊಂಡು ಬರಬಹುದು. ಈ ಬಗೆಯ ಲಾಕರುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಆಸ್ಟ್ರೇಲಿಯಾದ ಎಆರ್‌ಬಿ ಸಂಸ್ಥೆಯ ಏರ್ ಲಾಕರ್. ಜಿಪ್ಸಿ ಸುಜುಕಿಯ ಎಸ್‌ಜೆ ಸರಣಿಯ ಗಾಡಿಯಾದದ್ದರಿಂದ, ಹೊರದೇಶಗಳಲ್ಲಿ ಸಮುರಾಯ್ ಎಂಬ ಹೆಸರಿನಲ್ಲಿ ಮಾರಾಟವಾದ ಅದೇ ಸರಣಿಗೆ ತಯಾರಾದ ಭಾಗಗಳನ್ನು ನಾವು ಹುಡುಕಬೇಕಾಗುತ್ತದೆ.

ಹಿಂದಿನದೋ ಮುಂದಿನದೋ

ಒಂದೇ ಲಾಕರಿಗೆ ಹಣವಿದ್ದರೆ ಅದನ್ನು ಹಿಂದಿನ ಆಕ್ಸಲ್‌ಗೆ ಹಾಕಿರಿ ಎಂಬುದು ನನ್ನ ಅಭಿಪ್ರಾಯ. ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳಿಗೆ ಹಿಡಿತ ಹೆಚ್ಚಿರುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ತಿರುಗುವ ಜಾಯಿಂಟುಗಳಿಲ್ಲ, ಆದ್ದರಿಂದ ಮುರಿಯುವ ಭಾಗಗಳು ಕಡಿಮೆ. ಮುಂದಿನ ಆಕ್ಸಲ್ ಲಾಕ್ ಆದಾಗ ಸ್ಟೀರಿಂಗ್ ಬಿಗಿಯಾಗುತ್ತದೆ, ಗಾಡಿ ನೇರಕ್ಕೇ ಹೋಗಲು ಹಟ ಹಿಡಿಯುತ್ತದೆ. ಸ್ಟೀರಿಂಗನ್ನು ಕೊನೆಯ ತನಕ ತಿರುಗಿಸಿಟ್ಟು ಆಕ್ಸಿಲರೇಟರ್ ತುಳಿದರೆ ಚಕ್ರದ ಬಳಿಯಿರುವ, ಶಾಫ್ಟು ಬಾಗಿಯೂ ತಿರುಗಲು ಬಿಡುವ ಸಿವಿ ಜಾಯಿಂಟಿನ ಮೇಲೆ ಅದು ತಾಳಲಾರದಷ್ಟು ಬಲ ಬೀಳುತ್ತದೆ. ಮುಂದಿನ ಲಾಕರಿನ ಬೆಲೆಯನ್ನು ತಿಳಿದು, ಹಿಂದಿನದನ್ನು ಒಂದು ಮಳೆಗಾಲ ಪೂರ್ತಿ ಬಳಸಿ ನೋಡಿ, ಆಮೇಲೂ ಅಗತ್ಯವೆನಿಸಿದರೆ ಮಾತ್ರ ಅದಕ್ಕೆ ಹೋಗುವುದು ಒಳ್ಳೆಯದು.

ಹಣ ಕೊಡುವ ಮೊದಲು

ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು, ತೊಂಬತ್ತರ ದಶಕದಲ್ಲಿ 1.3 ಲೀಟರ್ ಎಂಜಿನ್ ಪಡೆಯಿತು. ಇಂದು ಓಡುತ್ತಿರುವ ಹಳೆಯ ಗಾಡಿಗಳಲ್ಲಿ ಒಂದರ ಆಕ್ಸಲ್ ಇನ್ನೊಂದಕ್ಕೆ, ಮಿಲಿಟರಿ ಹರಾಜಿನ ಗಾಡಿಯ ಭಾಗ ಮತ್ತೊಂದಕ್ಕೆ ಸೇರಿರುವುದು ತೀರ ಸಾಮಾನ್ಯ. ಆದ್ದರಿಂದ ಆರ್‌ಸಿ ಪುಸ್ತಕದಲ್ಲಿರುವ ಮಾದರಿಯ ಹೆಸರನ್ನು ನಂಬಿ ಲಾಕರನ್ನು ತರಿಸಬೇಡಿ. ಒಂದು ಆಕ್ಸಲ್ ಶಾಫ್ಟನ್ನು ಹೊರಗೆಳೆದು ತುದಿಯ ಹಲ್ಲುಗೀರುಗಳನ್ನು, ಅಂದರೆ ಸ್ಪ್ಲೈನುಗಳನ್ನು, ನಿಮ್ಮ ಕೈಯಿಂದಲೇ ಎಣಿಸಿರಿ. ಸಮುರಾಯ್ ಲಾಕರುಗಳು ಸಾಮಾನ್ಯವಾಗಿ 26 ಸ್ಪ್ಲೈನಿನ ಶಾಫ್ಟಿಗೆ ಹೊಂದುವಂಥವು. ಎಣಿಕೆ ಬೇರೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಶಾಫ್ಟಿನ ವಿಚಾರ ಬಗೆಹರಿಸಿಕೊಳ್ಳಬೇಕು.

ಇದೇ ಸಂದರ್ಭದಲ್ಲಿ ಎರಡೂ ಆಕ್ಸಲ್‌ಗಳ ಗೇರ್ ಅನುಪಾತವನ್ನೂ ನೋಡಿಕೊಳ್ಳಿರಿ. ಕ್ರೌನ್ ವೀಲಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಮುಂದಿನದು ಹಿಂದಿನದು ಒಂದೇ ಆಗಿರದಿದ್ದರೆ ಫೋರ್-ವೀಲ್‌ನಲ್ಲಿ ಎರಡೂ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಲಾಕರ್ ಹಾಕಿದ ಮೇಲೆ ಆ ಎಳೆದಾಟಕ್ಕೆ ಸಡಿಲ ಕೊಡುವ ಜಾಗವೇ ಉಳಿಯುವುದಿಲ್ಲ.

ಲಾಕರಿನ ಪೆಟ್ಟಿಗೆಯಲ್ಲಿ ಸೈಡ್ ಬೇರಿಂಗುಗಳು ಇರುತ್ತವೆಂದು ಊಹಿಸಿಕೊಳ್ಳಬೇಡಿ, ಒಂದು ಜೊತೆ ಹೊಸದನ್ನು ಬೇರೆಯಾಗಿ ತನ್ನಿರಿ. ಆಕ್ಸಲ್ ಸೀಲುಗಳು, ಹೌಸಿಂಗಿನ ಗ್ಯಾಸ್ಕೆಟ್ ಅಥವಾ ಒಳ್ಳೆಯ ಸೀಲಂಟ್, ಕ್ರೌನ್ ವೀಲಿಗೆ ಹೊಸ ಬೋಲ್ಟುಗಳು, ಬೋಲ್ಟು ಸಡಿಲವಾಗದಂತೆ ಹಿಡಿಯುವ ಕೆಂಪು ಬಣ್ಣದ ಥ್ರೆಡ್ ಲಾಕರ್ ದ್ರವ, ಹಲ್ಲಿನ ಗುರುತು ನೋಡುವ ಬಣ್ಣದ ಪೇಸ್ಟ್, ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ಕೂಡ ಬೇಕು. ಉಪಕರಣಗಳಲ್ಲಿ ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡಯಲ್ ಗೇಜ್ ಮತ್ತು ಟಾರ್ಕ್ ರೆಂಚ್ ಇಲ್ಲದೆ ಕೆಲಸ ಮಾಡಬಾರದು. ಬೇರಿಂಗ್ ಕೂರಿಸಲು ಹತ್ತಿರದಲ್ಲಿ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಕಾನೂನಿನ ಬಗ್ಗೆಯೂ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡುಗಳಿಗೆ ಮಿತಿ ಹಾಕುತ್ತದೆ. ಲಾಕರ್ ಹೊರಗೆ ಕಾಣುವ ಭಾಗವಲ್ಲವೆಂದು ಸುಮ್ಮನಿರುವುದಕ್ಕಿಂತ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ವಿಚಾರಿಸಿ ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಹಿಂದಿನ ಡಿಫರೆನ್ಷಿಯಲ್ ಇಳಿಸುವುದು

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಲ್ಲು ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡುಗಳನ್ನು ಇಡಬೇಕು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಷ್ಟೇ ಅವಸರವಿದ್ದರೂ ಹೋಗಬಾರದು. ಕೆಳಗಿನ ಪ್ಲಗ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿರಿ. ತುಕ್ಕು ಹಿಡಿದ ಫಿಲ್ಲರ್ ಪ್ಲಗ್ ಬಿಚ್ಚಲಾರದೆ, ಎಣ್ಣೆ ಖಾಲಿಯಾದ ಆಕ್ಸಲ್ ಇಟ್ಟುಕೊಂಡು ಕುಳಿತವರನ್ನು ನಾನು ನೋಡಿದ್ದೇನೆ. ಹರಿದು ಬಂದ ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಸುರಿದು ಪರೀಕ್ಷಿಸಿರಿ. ನುಣುಪಾದ ಬೂದು ಪುಡಿ ಸಹಜ, ಹೊಳೆಯುವ ಲೋಹದ ಚೂರುಗಳು ಕಂಡರೆ ಗೇರು ಅಥವಾ ಬೇರಿಂಗ್ ಆಗಲೇ ಹಾಳಾಗಿದೆಯೆಂದು ತಿಳಿದು, ಲಾಕರಿಗಿಂತ ಮೊದಲು ಅದಕ್ಕೆ ಹಣ ತೆಗೆದಿಡಬೇಕಾಗುತ್ತದೆ.

ಬ್ರೇಕ್ ಡ್ರಮ್ಮುಗಳನ್ನು ಕಳಚಿ, ಬ್ರೇಕ್ ಪೈಪನ್ನೂ ಹ್ಯಾಂಡ್‌ಬ್ರೇಕ್ ಕೇಬಲನ್ನೂ ಬಿಡಿಸಿ, ಪೈಪಿನ ತೆರೆದ ಬಾಯಿಗೆ ಮುಚ್ಚಳ ಹಾಕಿರಿ. ಬ್ಯಾಕಿಂಗ್ ಪ್ಲೇಟನ್ನು ಹಿಡಿದಿರುವ ನಟ್ಟುಗಳನ್ನು ಬಿಚ್ಚಿದರೆ ಶಾಫ್ಟು ಪ್ಲೇಟಿನೊಂದಿಗೇ ಹೊರಬರುತ್ತದೆ. ಬಿಗಿಯಾಗಿದ್ದರೆ ಸ್ಲೈಡ್ ಹ್ಯಾಮರ್ ಬಳಸಬೇಕು. ಡಿಫರೆನ್ಷಿಯಲ್ ಹೊರಬರಲು ಶಾಫ್ಟುಗಳನ್ನು ಒಂದಷ್ಟು ದೂರ ಎಳೆದಿಟ್ಟರೆ ಸಾಕು, ಆದರೆ ಪೂರ್ತಿ ತೆಗೆದರೆ ಸೀಲನ್ನೂ ಬೇರಿಂಗನ್ನೂ ನೋಡಿದಂತಾಗುತ್ತದೆ. ಎಂಜಿನ್ನಿನ ಕಡೆಯಿಂದ ಆಕ್ಸಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜಿಗೂ ಪಿನಿಯನ್ ಫ್ಲ್ಯಾಂಜಿಗೂ ಅಡ್ಡಲಾಗಿ ಒಂದು ಗೆರೆ ಎಳೆದು ಆಮೇಲೆ ಬಿಚ್ಚಿರಿ, ಮರಳಿ ಅದೇ ಸ್ಥಾನದಲ್ಲಿ ಕೂರಿಸಿದರೆ ಹೊಸ ಅದಿರಾಟ ಹುಟ್ಟುವುದಿಲ್ಲ. ಹೌಸಿಂಗಿನ ಸುತ್ತಲಿನ ನಟ್ಟುಗಳನ್ನು ತೆಗೆದ ಬಳಿಕ ಡಿಫರೆನ್ಷಿಯಲ್ ಮುಂದಕ್ಕೆ ಕಳಚಿ ಬರುತ್ತದೆ. ಅದರ ಭಾರವನ್ನು ಮಲಗಿಕೊಂಡು ಒಬ್ಬರೇ ಹೊರುವುದು ಅಪಾಯ, ಕೆಳಗೆ ಜಾಕ್ ಕೊಟ್ಟು ಇನ್ನೊಬ್ಬರ ಸಹಾಯ ಪಡೆಯಿರಿ.

ಮೇಜಿನ ಮೇಲಿನ ಕೆಲಸ

ಇಲ್ಲಿಂದ ಮುಂದೆ ಗಡಿಯಾರ ನೋಡಬಾರದು. ಡಿಫರೆನ್ಷಿಯಲ್ಲನ್ನು ಸ್ವಚ್ಛವಾದ ಮೇಜಿನ ಮೇಲೆ ಭದ್ರವಾಗಿ ನಿಲ್ಲಿಸಿ, ಏನನ್ನೂ ಬಿಚ್ಚುವ ಮೊದಲು ಈಗಿರುವ ಸ್ಥಿತಿಯನ್ನು ಅಳೆದು ಬರೆದಿಡಬೇಕು. ಡಯಲ್ ಗೇಜಿನ ಮೊನೆಯನ್ನು ಕ್ರೌನ್ ಹಲ್ಲಿನ ಹೊರ ಅಂಚಿಗೆ ನೇರವಾಗಿ ತಾಗಿಸಿ, ಪಿನಿಯನ್ನನ್ನು ಅಲುಗದಂತೆ ಹಿಡಿದು, ಕ್ರೌನನ್ನು ಹಿಂದೆ ಮುಂದೆ ಅಲುಗಿಸಿದರೆ ಸಿಗುವ ಅಳತೆಯನ್ನೇ ವರ್ಕ್‌ಶಾಪಿನವರು ಪ್ಲೇ ಎನ್ನುತ್ತಾರೆ. ಕ್ರೌನನ್ನು ತಿರುಗಿಸುತ್ತ ಕನಿಷ್ಠ ನಾಲ್ಕು ಕಡೆ ಅಳೆಯಿರಿ. ನಾಲ್ಕೈದು ಹಲ್ಲುಗಳಿಗೆ ಬಣ್ಣದ ಪೇಸ್ಟ್ ಸವರಿ ತಿರುಗಿಸಿ, ಹಲ್ಲಿನ ಮೇಲೆ ಮೂಡುವ ಗುರುತಿನ ಫೋಟೋ ತೆಗೆದಿಡಿರಿ. ಲಕ್ಷಾಂತರ ಕಿಲೋಮೀಟರ್ ಸದ್ದಿಲ್ಲದೆ ಓಡಿದ ಗೇರುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ನಮ್ಮ ಗುರಿ ಆ ಹೊಂದಿಕೆಯನ್ನೇ ಮರಳಿ ಪಡೆಯುವುದು.

ಬೇರಿಂಗ್ ಕ್ಯಾಪುಗಳನ್ನು ಅವು ಕೂತ ಜಾಗದಲ್ಲಿಯೇ ಕೊರೆದು ನುಣುಪು ಮಾಡಿರುತ್ತಾರೆ, ಎಡದ್ದು ಬಲಕ್ಕೆ ಹೋದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಒಂದು ಬದಿಗೆ ಒಂದು ಚುಕ್ಕಿ, ಇನ್ನೊಂದು ಬದಿಗೆ ಎರಡು ಚುಕ್ಕಿ ಪಂಚ್ ಮಾಡಿ, ಕ್ಯಾಪಿನ ಮೇಲೂ ಅದರ ತಳದ ಮೇಲೂ ಅದೇ ಗುರುತು ಹಾಕಿರಿ. ಬೇರಿಂಗುಗಳನ್ನು ಆಚೀಚೆ ಸರಿಸುವ ಎರಡೂ ಬದಿಯ ಅಡ್ಜಸ್ಟರ್ ರಿಂಗುಗಳ ಲಾಕ್ ಪ್ಲೇಟು ತೆಗೆದು, ರಿಂಗು ನಿಂತಿದ್ದ ಸ್ಥಾನವನ್ನೂ ಗುರುತು ಮಾಡಿಕೊಳ್ಳಿರಿ. ಹೊಸ ಲಾಕರಿನ ಅಳತೆ ಕ್ರೌನನ್ನು ಹೊತ್ತ ಹಳೆಯ ಒಳಕೇಸಿನ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದಿಲ್ಲವಾದ್ದರಿಂದ ಆ ಗುರುತು ಆರಂಭಕ್ಕೆ ಮಾತ್ರ ಉಪಯೋಗ. ಪಿನಿಯನ್ ಬೇರಿಂಗಿನಲ್ಲಿ ಸದ್ದು, ಅಲುಗಾಟ ಅಥವಾ ಎಣ್ಣೆ ಸೋರಿಕೆ ಇಲ್ಲದಿದ್ದರೆ ಪಿನಿಯನ್ನನ್ನು ಮುಟ್ಟಬೇಡಿ. ಪಿನಿಯನ್ನಿನ ಆಳ ಬದಲಾಗದೆ ಉಳಿದರೆ ನಿಮ್ಮ ಕೆಲಸದ ಅರ್ಧ ಕಷ್ಟ ಕಡಿಮೆಯಾದಂತೆ.

ಕ್ಯಾಪುಗಳನ್ನು ಬಿಚ್ಚಿ ಒಳಕೇಸನ್ನು ಕ್ರೌನ್ ಸಮೇತ ಹೊರತೆಗೆಯಿರಿ. ಗಾಳಿಯ ಫಿಟ್ಟಿಂಗಿಗೆ ರಂಧ್ರ ಕೊರೆಯಲು ಇದು ಸರಿಯಾದ ಸಮಯ, ಏಕೆಂದರೆ ಹೊರಕೇಸು ಈಗ ಖಾಲಿಯಾಗಿದೆ. ಎಣ್ಣೆಯ ಮಟ್ಟಕ್ಕಿಂತ ಮೇಲೆ, ಲೋಹ ದಪ್ಪಗಿರುವ ಕಡೆ, ಒಳಗೆ ಕ್ರೌನ್ ವೀಲಿಗೂ ಹೊರಗೆ ಸ್ಪ್ಯಾನರಿಗೂ ಅಡ್ಡಿಯಾಗದ ಸ್ಥಳವನ್ನು ಆರಿಸಿಕೊಳ್ಳಬೇಕು. ಆಕ್ಸಲ್ ಪೂರ್ತಿ ಮೇಲೆದ್ದಾಗ ಆ ಫಿಟ್ಟಿಂಗ್ ಗಾಡಿಯ ತಳಕ್ಕೆ ತಾಗುವುದಿಲ್ಲವೆಂಬುದನ್ನೂ ಅಳೆದು ಖಚಿತಪಡಿಸಿಕೊಳ್ಳಿರಿ. ಎಆರ್‌ಬಿ ಕಿಟ್‌ನ ಫಿಟ್ಟಿಂಗಿಗೆ 11.2 ಮಿಲಿಮೀಟರಿನ ರಂಧ್ರ ಕೊರೆದು ಕಾಲು ಇಂಚಿನ ಎನ್‌ಪಿಟಿ ಟ್ಯಾಪ್‌ನಿಂದ ಒಳಗೆ ಸ್ಕ್ರೂವಿನಂಥ ಸುರುಳಿ ಥ್ರೆಡ್ಡು ಕೊರೆಯಬೇಕು, ಬೇರೆ ಕಿಟ್ ಆಗಿದ್ದರೆ ಅದರ ಕೈಪಿಡಿಯ ಅಳತೆಯನ್ನೇ ಅನುಸರಿಸಬೇಕು. ಎನ್‌ಪಿಟಿ ಥ್ರೆಡ್ಡುಗಳು ಒಳಹೋದಂತೆ ಬಿಗಿಯಾಗುವ ಬಗೆಯವು, ಆದ್ದರಿಂದ ಟ್ಯಾಪನ್ನು ಅತಿಯಾಗಿ ಒಳಗಿಳಿಸದೆ ಆಗಾಗ ಫಿಟ್ಟಿಂಗ್ ಹಾಕಿ ನೋಡುತ್ತಿರಬೇಕು. ಡ್ರಿಲ್ಲಿಗೆ ಗ್ರೀಸ್ ಮೆತ್ತಿದರೆ ಚೂರುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಪಿನಿಯನ್ ಒಳಗೇ ಇದ್ದರೆ ಅದರ ಬೇರಿಂಗನ್ನು ಎಣ್ಣೆಯ ಬಟ್ಟೆಯಿಂದ ತುರುಕಿ ಮುಚ್ಚಿರಿ. ಕೊರೆದ ಮೇಲೆ ಸೀಮೆಎಣ್ಣೆಯಿಂದ ತೊಳೆದು, ಆಯಸ್ಕಾಂತ ಆಡಿಸಿ, ಗಾಳಿ ಊದಿ, ಮತ್ತೊಮ್ಮೆ ತೊಳೆಯಿರಿ. ನನ್ನ ಮೊದಲ ಪ್ರಯತ್ನದಲ್ಲಿ ಒಂದು ಸಲ ತೊಳೆದು ಸಾಕೆಂದುಕೊಂಡೆ. ಮೂರು ತಿಂಗಳ ನಂತರ ಸೈಡ್ ಬೇರಿಂಗಿನ ರೋಲರುಗಳ ಮೇಲೆ ಉಗುರಿನಿಂದ ಗೀರಿದಂಥ ಗೆರೆಗಳು ಕಂಡವು, ಇಡೀ ಕೆಲಸವನ್ನು ಎರಡನೆಯ ಸಲ ಮಾಡಬೇಕಾಯಿತು.

ಈಗ ಕ್ರೌನ್ ವೀಲನ್ನು ಹಳೆಯ ಒಳಕೇಸಿನಿಂದ ಬಿಡಿಸಿ ಲಾಕರಿಗೆ ಕೂರಿಸಬೇಕು. ಲಾಕರ್ ಜೋಡಿಸಿದ ಸ್ಥಿತಿಯಲ್ಲೇ ಬರುತ್ತದೆ, ಅದನ್ನು ಬಿಚ್ಚುವ ಕುತೂಹಲ ಬೇಡ. ಕ್ರೌನಿನ ಹಿಂಬದಿಯನ್ನೂ ಲಾಕರಿನ ಫ್ಲ್ಯಾಂಜನ್ನೂ ನುಣುಪಾದ ಕಲ್ಲಿನಿಂದ ಹಗುರವಾಗಿ ಉಜ್ಜಿ, ಉಬ್ಬುಗಳಿಲ್ಲವೆಂದು ಬೆರಳಾಡಿಸಿ ನೋಡಿರಿ. ಕ್ರೌನನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಅದು ಹಿಗ್ಗಿ ತಾನಾಗಿಯೇ ಫ್ಲ್ಯಾಂಜಿನ ಮೇಲೆ ಇಳಿಯುತ್ತದೆ, ನೀರನ್ನು ಕೂಡಲೇ ಒರೆಸಿಬಿಡಬೇಕು. ಸುತ್ತಿಗೆಯಿಂದ ಬಡಿಯುವುದಾಗಲಿ, ಓರೆಯಾಗಿ ಕೂತದ್ದನ್ನು ಬೋಲ್ಟುಗಳಿಂದ ಎಳೆಯುವುದಾಗಲಿ ಕೂಡದು. ಬೋಲ್ಟುಗಳ ಎಣ್ಣೆ ಒರೆಸಿ, ಥ್ರೆಡ್ ಲಾಕರ್ ದ್ರವ ಹಚ್ಚಿ, ಎದುರುಬದುರಿನ ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ, ಸರ್ವಿಸ್ ಕೈಪಿಡಿ ಹೇಳುವ ಟಾರ್ಕ್ ತನಕ ಬಿಗಿಯಿರಿ.

ಬೇರಿಂಗುಗಳನ್ನು ಪ್ರೆಸ್ಸಿನಲ್ಲಿ ಒಳ ರೇಸಿನ, ಅಂದರೆ ಒಳ ಉಂಗುರದ, ಮೇಲಷ್ಟೇ ಒತ್ತಡ ಬೀಳುವಂತೆ ಕೂರಿಸಬೇಕು. ಹೊಸ ಬೇರಿಂಗಿಗೆ ಹಳೆಯ ಹೊರ ರೇಸನ್ನು ಜೋಡಿಸಬಾರದು. ಸೀಲ್ ಹೌಸಿಂಗ್ ಬರುವ ಬದಿಯಲ್ಲಿ ಬೇರಿಂಗ್ ಮೊದಲೋ ಬಳೆ ಮೊದಲೋ ಎಂಬುದು ಲಾಕರಿನಿಂದ ಲಾಕರಿಗೆ ಬೇರೆಯಾಗುವುದರಿಂದ ಕಿಟ್‌ನ ಚಿತ್ರವನ್ನು ಎದುರಿಗಿಟ್ಟುಕೊಂಡೇ ಮುಂದುವರಿಯಿರಿ. ಓ-ರಿಂಗುಗಳಿಗೂ ಲಾಕರಿನ ಕತ್ತಿಗೂ ಶುದ್ಧ ಗೇರ್ ಆಯಿಲ್ ಸವರಿ, ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಒಳಗೆ ಸರಿಸಬೇಕು. ಓ-ರಿಂಗಿನ ಅಂಚು ಒಂದು ಕಡೆ ಮಡಚಿಕೊಂಡರೂ ಗಾಳಿ ಸೋರುತ್ತದೆ, ಆ ಸೋರಿಕೆ ಸರಿಪಡಿಸಲು ಮತ್ತೆ ಇಲ್ಲಿಯ ತನಕ ಬಿಚ್ಚಬೇಕಾಗುತ್ತದೆ.

ಲಾಕರನ್ನು ಹೊರಕೇಸಿಗೆ ಇಳಿಸಿ ಕ್ಯಾಪುಗಳನ್ನು ಅವುಗಳ ಗುರುತಿನಂತೆ ಹಾಕಿ, ಅಡ್ಜಸ್ಟರುಗಳು ಕೈಯಿಂದ ತಿರುಗುವಷ್ಟು ಸಡಿಲವಾಗಿ ಬೋಲ್ಟು ಬಿಗಿಯಿರಿ. ಅಡ್ಜಸ್ಟರಿನ ಥ್ರೆಡ್ಡು ಓರೆಯಾಗಿ ಹಿಡಿದಿದ್ದರೆ ಈಗಲೇ ಕೈಗೆ ತಿಳಿಯುತ್ತದೆ. ಎರಡೂ ಕಡೆಯಿಂದ ಬೇರಿಂಗಿನ ಸಡಿಲ ತೆಗೆದು, ಕೈಪಿಡಿಯಲ್ಲಿ ಹೇಳಿದಷ್ಟು ಪ್ರಿಲೋಡ್, ಅಂದರೆ ಬೇರಿಂಗಿಗೆ ಮೊದಲೇ ಕೊಡುವ ಬಿಗಿ, ಕೊಟ್ಟ ನಂತರ ಪ್ಲೇ ಅಳೆಯಬೇಕು. ಈ ಸರಣಿಯ ಸುಜುಕಿಗಳಿಗೆ ಅದು ಸಾಮಾನ್ಯವಾಗಿ 0.10ರಿಂದ 0.15 ಮಿಲಿಮೀಟರ್. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಪ್ಲೇ ಹೆಚ್ಚಿದ್ದರೆ ಕ್ರೌನನ್ನು ಪಿನಿಯನ್ನಿನ ಕಡೆಗೆ, ಕಡಿಮೆಯಿದ್ದರೆ ದೂರಕ್ಕೆ ಸರಿಸಬೇಕು. ಹಾಗೆ ಮಾಡುವಾಗ ಒಂದು ಬದಿಯ ಅಡ್ಜಸ್ಟರನ್ನು ಎಷ್ಟು ಕಚ್ಚು ಸಡಿಲಿಸುತ್ತೀರೋ ಇನ್ನೊಂದು ಬದಿಯದನ್ನು ಅಷ್ಟೇ ಕಚ್ಚು ಬಿಗಿಸಿದರೆ ಪ್ರಿಲೋಡ್ ಬದಲಾಗುವುದಿಲ್ಲ. ಪ್ರತಿ ಸಲ ಕ್ರೌನನ್ನು ಹತ್ತಾರು ಸುತ್ತು ತಿರುಗಿಸಿ, ರೋಲರುಗಳು ತಮ್ಮ ಜಾಗದಲ್ಲಿ ಕೂತ ಮೇಲೆಯೇ ಮರು ಅಳತೆ ತೆಗೆಯಿರಿ.

ಪ್ಲೇ ಸರಿಬಂದ ಬಳಿಕ ಮತ್ತೆ ಬಣ್ಣ ಸವರಿ, ಕ್ರೌನಿಗೆ ಬಟ್ಟೆಯಿಂದ ಸ್ವಲ್ಪ ತಡೆ ಕೊಡುತ್ತ ಪಿನಿಯನ್ ತಿರುಗಿಸಿ ಗುರುತನ್ನು ನೋಡಬೇಕು. ಅದು ಹಲ್ಲಿನ ನಡುಭಾಗದಲ್ಲಿ, ಯಾವ ಅಂಚಿಗೂ ಹರಿಯದೆ, ಮೊದಲು ತೆಗೆದ ಫೋಟೋಗೆ ಹೋಲುವಂತಿರಬೇಕು. ಪ್ಲೇ ಕಡಿಮೆಯಾದಂತೆ ಗುರುತು ಹಲ್ಲಿನ ಒಳತುದಿಯ ಕಡೆಗೂ, ಹೆಚ್ಚಾದಂತೆ ಹೊರತುದಿಯ ಕಡೆಗೂ ಸರಿಯುತ್ತದೆ. ಪ್ಲೇ ಅಂಕಿ ಸರಿಯಿದ್ದು ಗುರುತು ಮಾತ್ರ ತಪ್ಪಿದ್ದರೆ ಅಂಕಿಯನ್ನು ನಂಬಿ ಮುಚ್ಚಬೇಡಿ, ದೋಷ ಪಿನಿಯನ್ನಿನ ಆಳದಲ್ಲೋ ಬೇರಿಂಗ್ ಕೂತ ರೀತಿಯಲ್ಲೋ ಇರುತ್ತದೆ. ಕೊನೆಯಲ್ಲಿ ಕ್ಯಾಪ್ ಬೋಲ್ಟುಗಳನ್ನು ಪೂರ್ತಿ ಟಾರ್ಕಿಗೆ ಬಿಗಿದು, ಪ್ಲೇಯನ್ನು ಇನ್ನೊಮ್ಮೆ ಅಳೆದು, ಲಾಕ್ ಪ್ಲೇಟುಗಳನ್ನು ಹಾಕಿರಿ.

ತಾಮ್ರದ ಕೊಳವೆಯನ್ನು ಬಗ್ಗಿಸುವುದು ಸಣ್ಣ ಕೆಲಸದಂತೆ ಕಂಡರೂ ಲಾಕರಿನ ಆಯುಷ್ಯ ನಿಂತಿರುವುದು ಅದರ ಮೇಲೆ. ಸೀಲ್ ಹೌಸಿಂಗಿನಿಂದ ಕೇಸಿನ ಫಿಟ್ಟಿಂಗ್ ತನಕ ಕೊಳವೆ ದೊಡ್ಡ ಬಾಗುಗಳಲ್ಲಿ, ಕ್ರೌನ್ ವೀಲಿನಿಂದ ದೂರವಾಗಿ ಸಾಗಬೇಕು. ಅದು ಬಳೆಯನ್ನು ಯಾವ ಕಡೆಗೂ ಎಳೆಯಬಾರದು, ತಳ್ಳಬಾರದು. ಬಳೆ ಕತ್ತಿನ ಮೇಲೆ ತೇಲುವಂತಿದ್ದರೆ ಓ-ರಿಂಗುಗಳು ಸಮನಾಗಿ ಸವೆಯುತ್ತವೆ, ಕೊಳವೆ ಒಂದು ಬದಿಗೆ ಒತ್ತುತ್ತಿದ್ದರೆ ಒಂದೇ ಕಡೆ ಸವೆದು ಬೇಗ ಸೋರುತ್ತವೆ. ಆದ್ದರಿಂದ ಕೊಳವೆಯನ್ನು ಬಗ್ಗಿಸಿ ಅದರಷ್ಟಕ್ಕೇ ಜಾಗದಲ್ಲಿ ನಿಲ್ಲುವಂತೆ ಮಾಡಿ, ಆಮೇಲೆ ನಟ್ಟು ಬಿಗಿಯಿರಿ. ನಟ್ಟು ಬಿಗಿದು ಆಮೇಲೆ ಬಗ್ಗಿಸುವುದು ತಪ್ಪು ಕ್ರಮ.

ಡಿಫರೆನ್ಷಿಯಲ್ ಮೇಜಿನ ಮೇಲಿರುವಾಗಲೇ ಗಾಳಿ ಕೊಟ್ಟು ನೋಡಿರಿ. 85ರಿಂದ 100 ಪಿಎಸ್‌ಐ ಒತ್ತಡದಲ್ಲಿ ಟಕ್ ಎಂದು ಕಚ್ಚಿಕೊಳ್ಳುವ ಸದ್ದು ಕೇಳಬೇಕು. ಗಾಳಿ ತೆಗೆದಾಗ ಬಿಡುವ ಸದ್ದೂ ಕೇಳಬೇಕು. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿ, ಒತ್ತಡ ಕೊಟ್ಟೇ ಕ್ರೌನನ್ನು ಕೈಯಿಂದ ಹಲವು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಈ ಪರೀಕ್ಷೆ ಮುಗಿಯುವ ತನಕ ಡಿಫರೆನ್ಷಿಯಲ್ ಗಾಡಿಯ ಕೆಳಗೆ ಹೋಗಬಾರದು.

ಗಾಳಿಯ ದಾರಿ, ಕರೆಂಟಿನ ದಾರಿ

ಕಂಪ್ರೆಸರಿಗೆ ಜಿಪ್ಸಿಯ ಬಾನೆಟ್ಟಿನ ಕೆಳಗೆ ಸಾಕಷ್ಟು ಜಾಗವಿದೆ. ಎಕ್ಸಾಸ್ಟಿನ ಬಿಸಿ ತಾಗದ, ಹಳ್ಳ ದಾಟುವಾಗ ನೀರು ಏರದ ಎತ್ತರದಲ್ಲಿ ಗಟ್ಟಿ ಪಟ್ಟಿಯ ಮೇಲೆ ಕೂರಿಸಿರಿ. ಬ್ಯಾಟರಿಯಿಂದ ಬರುವ ದಪ್ಪ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು, ಕಂಪ್ರೆಸರನ್ನು ರಿಲೇ ಮೂಲಕವೇ ನಡೆಸಬೇಕು. ಮುಂದೆಯೂ ಹಿಂದೆಯೂ ಲಾಕರ್ ಇರುವ ಗಾಡಿಯಲ್ಲಿ ಮುಂದಿನ ಲಾಕರಿನ ಸ್ವಿಚ್ಚಿಗೆ ಹಿಂದಿನದರ ಸ್ವಿಚ್ಚಿನಿಂದ ಕರೆಂಟ್ ಕೊಡುವುದು ಉತ್ತಮ ಪದ್ಧತಿ, ಹಿಂದಿನದು ಲಾಕ್ ಆಗದೆ ಮುಂದಿನದು ಅಕಸ್ಮಾತ್ತಾಗಿ ಲಾಕ್ ಆಗುವುದು ಇದರಿಂದ ತಪ್ಪುತ್ತದೆ. ಸ್ವಿಚ್ಚುಗಳಿಗೆ ದೀಪವಿರಲಿ, ಮತ್ತು ಅವು ಮೊಣಕಾಲು ತಾಗಿ ಅದುಮಿಹೋಗುವ ಜಾಗದಲ್ಲಿ ಇರದಿರಲಿ.

ನೈಲಾನ್ ಕೊಳವೆಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿರಿ, ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ ತುದಿ ಚಪ್ಪಟೆಯಾಗಿ ಸೋರುತ್ತದೆ. ಚಾಸಿಯ ಒಳಬದಿಯಲ್ಲಿ ಸೈಲೆನ್ಸರಿನಿಂದ ದೂರವಾಗಿ ಅದನ್ನು ಸಾಗಿಸಿ, ಸುರುಳಿ ಹೊದಿಕೆ ತೊಡಿಸಬೇಕು. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇಲಿಗಳು ಈ ಕೊಳವೆಯನ್ನು ಕಡಿಯುವುದುಂಟು, ಹೊದಿಕೆ ಅದಕ್ಕೂ ಅಗತ್ಯ. ಚಾಸಿಯಿಂದ ಆಕ್ಸಲ್‌ಗೆ ಇಳಿಯುವ ಕಡೆ, ಚಕ್ರ ಪೂರ್ತಿ ಇಳಿಬಿದ್ದಾಗಲೂ ಬಿಗಿಯಾಗದಷ್ಟು ಸಡಿಲ ಬಿಡಬೇಕು. ಅದನ್ನು ಬ್ರೇಕಿನ ರಬ್ಬರ್ ಪೈಪಿಗೆ ಕಟ್ಟಬಾರದು.

ಇದೇ ಹೊತ್ತಿನಲ್ಲಿ ಆಕ್ಸಲ್‌ನೊಳಗಿನ ಗಾಳಿ ಒಳಹೊರಗೆ ಆಡುವ ಕಿಂಡಿಯಾದ ಬ್ರೀದರಿಗೆ ಉದ್ದ ಪೈಪ್ ಹಾಕಿ ಎಂಜಿನ್ ಕೋಣೆಯ ಎತ್ತರಕ್ಕೆ ತಂದುಬಿಡಿರಿ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಕೆಳಗಿರುವ ಬ್ರೀದರಿನಿಂದ ಕೆಸರುನೀರನ್ನೇ ಒಳಗೆಳೆದುಕೊಳ್ಳುತ್ತದೆ.

ಜೋಡಣೆ ಮತ್ತು ಪರೀಕ್ಷೆ

ಡಿಫರೆನ್ಷಿಯಲ್ ಏರಿಸಿ, ಶಾಫ್ಟುಗಳನ್ನು ಹೊಸ ಸೀಲಿನ ತುಟಿಗೆ ಗಾಯವಾಗದಂತೆ ನೇರವಾಗಿ ಒಳತಳ್ಳಿ, ಬ್ರೇಕ್ ಜೋಡಿಸಿ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಿರಿ. ಎಣ್ಣೆಯನ್ನು ಫಿಲ್ಲರ್ ರಂಧ್ರದ ಅಂಚಿನ ತನಕ ಮಾತ್ರ ತುಂಬಬೇಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲಿಗೆ ಸೇರಿಸುವ ದ್ರವ ಇದಕ್ಕೆ ಬೇಕಾಗಿಲ್ಲ.

ಹಿಂದಿನ ಎರಡೂ ಚಕ್ರಗಳು ಗಾಳಿಯಲ್ಲಿರುವಾಗ, ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು ಒಂದು ಚಕ್ರವನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಬೇಕು. ಲಾಕರ್ ಹಾಕಿ ನೋಡಿದರೆ ಒಂದು ಚಕ್ರವೂ ತಿರುಗಬಾರದು. ನ್ಯೂಟ್ರಲ್‌ಗೆ ತಂದಾಗ ಎರಡೂ ಒಂದೇ ದಿಕ್ಕಿಗೆ ಒಟ್ಟಿಗೆ ತಿರುಗಬೇಕು. ಆಮೇಲೆ ಲಾಕರ್ ಹಾಕಿಯೇ ಬಿಟ್ಟು ಕಾಲು ಗಂಟೆ ಕಾಯಿರಿ. ಅಷ್ಟರಲ್ಲಿ ಕಂಪ್ರೆಸರ್ ಮತ್ತೆ ಓಡತೊಡಗಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದೇ ಅರ್ಥ. ಸೋಪಿನ ನೀರು ಹಿಡಿದು ಹೊರಗಿನ ಜೋಡಣೆಗಳಿಂದ ಹುಡುಕಲು ಆರಂಭಿಸಬೇಕು. ಸೊಲೆನಾಯ್ಡ್ ಗಾಳಿ ಬಿಡುವ ಬಾಯಿಯಿಂದ ಪದೇ ಪದೇ ಗೇರ್ ಆಯಿಲ್ ಬರುತ್ತಿದ್ದರೆ ದೋಷ ಒಳಗಿನ ಸೀಲ್ ಹೌಸಿಂಗಿನ ಕಡೆಯದು, ಅಥವಾ ಬ್ರೀದರ್ ಕಟ್ಟಿಕೊಂಡಿದೆ.

ಮೊದಲ 500 ಕಿಲೋಮೀಟರ್ ಹೆಚ್ಚು ಭಾರ ಹೇರದೆ ಓಡಿಸಿ, 1,000 ಕಿಲೋಮೀಟರಿಗೆ ಎಣ್ಣೆ ಬದಲಿಸಿ ಅದನ್ನು ಬಿಳಿ ಬಟ್ಟೆಯ ಮೇಲೆ ಮತ್ತೆ ನೋಡಿರಿ. ವೇಗ ಹೆಚ್ಚಿದಂತೆ ಏರುವ ಊಳಿಡುವ ಸದ್ದು ಹೊಸದಾಗಿ ಹುಟ್ಟಿದ್ದರೆ, ಪ್ಲೇ ಮತ್ತು ಗುರುತನ್ನು ಮರುಪರಿಶೀಲಿಸದೆ ಓಡಿಸುತ್ತ ಹೋಗಬಾರದು.

ಮುಂದಿನ ಆಕ್ಸಲ್

ಮೇಜಿನ ಮೇಲಿನ ಕೆಲಸ ಮುಂದಿನದಕ್ಕೂ ಇದೇ. ಆದರೆ ಶಾಫ್ಟುಗಳನ್ನು ಎಳೆಯಲು ಹಬ್, ಬ್ರೇಕ್ ಮತ್ತು ಸ್ಪಿಂಡಲ್ ತೆಗೆಯಬೇಕಾಗುವುದರಿಂದ ಸಮಯ ಎರಡರಷ್ಟು ಬೇಕು. ತೆಗೆದಾಗಲೇ ಸಿವಿ ಜಾಯಿಂಟುಗಳನ್ನು ತೊಳೆದು, ಬಿರುಕಿದೆಯೇ ಎಂದು ನೋಡಿ, ಹೊಸ ಗ್ರೀಸ್ ತುಂಬಿ, ಒಳಸೀಲುಗಳನ್ನು ಬದಲಿಸಿಬಿಡಿರಿ. ಮುಂದಿನ ಡಿಫರೆನ್ಷಿಯಲ್ ತಿರುಗುಮುರುಗಾಗಿ ಕೂತಿರುವುದರಿಂದ ಗಾಡಿ ಮುಂದಕ್ಕೆ ಹೋಗುವಾಗ ಹೊರೆ ಬೀಳುವುದು ಕ್ರೌನ್ ಹಲ್ಲಿನ ಹಿಂಬದಿಯ ಮುಖದ ಮೇಲೆ. ಆದ್ದರಿಂದ ಇಲ್ಲಿ ಬಣ್ಣದ ಗುರುತನ್ನು ಹಲ್ಲಿನ ಎರಡೂ ಮುಖಗಳಲ್ಲಿ ಅಷ್ಟೇ ಎಚ್ಚರದಿಂದ ನೋಡಬೇಕು.

ಬಳಸುವಾಗ

ಲಾಕರನ್ನು ಅಡಚಣೆಗೆ ಮೊದಲೇ, ಗಾಡಿ ನಿಂತಿರುವಾಗ ಅಥವಾ ತೆವಳುತ್ತಿರುವಾಗ ಹಾಕಬೇಕು. ಒಂದು ಚಕ್ರ ರಭಸವಾಗಿ ತಿರುಗುತ್ತಿರುವಾಗ ಹಾಕಿದರೆ ಒಳಗಿನ ಹಲ್ಲುಗಳು ಪೆಟ್ಟು ತಿನ್ನುತ್ತವೆ. ಡಾಂಬರು ರಸ್ತೆಯಲ್ಲಿ ಹಾಕಿ ತಿರುವು ತೆಗೆದುಕೊಂಡರೆ ಶಾಫ್ಟು ತಿರುಚಿಕೊಳ್ಳುತ್ತದೆ. ಸ್ವಿಚ್ ಆರಿಸಿದರೂ ಕೆಲವೊಮ್ಮೆ ಆ ತಿರುಚಿನ ಬಿಗಿಗೆ ಉಂಗುರ ಹಿಂದೆ ಸರಿಯದೆ ಸಿಕ್ಕಿಕೊಂಡಿರುತ್ತದೆ, ಆಗ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ, ಸ್ಟೀರಿಂಗನ್ನು ಎಡಬಲಕ್ಕೆ ಅಲುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಮಲೆನಾಡಿನ ಕೆಂಪು ಜೇಡಿಮಣ್ಣಿನಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಓರೆ ಇಳಿಜಾರಿನ ದಾರಿ. ಲಾಕ್ ಇಲ್ಲದಾಗ ಒಂದು ಚಕ್ರ ಜಾರಿ ತಿರುಗಿದರೂ ಇನ್ನೊಂದು ನಿಂತು ನೆಲವನ್ನು ಹಿಡಿದುಕೊಂಡು ಗಾಡಿ ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ಲಾಕ್ ಆದಾಗ ಎರಡೂ ಒಟ್ಟಿಗೆ ಹಿಡಿತ ಕಳೆದುಕೊಳ್ಳುತ್ತವೆ, ಗಾಡಿಯ ಹಿಂಭಾಗ ಸೀದಾ ಕಣಿವೆಯ ಕಡೆಗೆ ಸರಿಯುತ್ತದೆ. ಅಂಥ ಕಡೆ ಲಾಕರ್ ಆರಿಸಿ, ಲೋ ಗೇರಿನಲ್ಲಿ ನಿಧಾನವಾಗಿ ಹೋಗುವುದೇ ಸರಿ.

ಗಾಡಿಯಲ್ಲಿ ಒಂದು ಮೀಟರ್ ನೈಲಾನ್ ಕೊಳವೆ, ಎರಡು ಜೋಡಣೆ ಫಿಟ್ಟಿಂಗ್, ಒಂದು ಹರಿತ ಬ್ಲೇಡು ಮತ್ತು ಕಂಪ್ರೆಸರಿನ ಫ್ಯೂಸುಗಳನ್ನು ಸದಾ ಇಟ್ಟಿರಬೇಕು. ಮಳೆಗಾಲ ಆರಂಭವಾಗುವ ಮೊದಲು ಕಾಲು ಗಂಟೆಯ ಸೋರಿಕೆ ಪರೀಕ್ಷೆಯನ್ನು ಪ್ರತಿ ವರ್ಷ ಮಾಡಿರಿ, ಕಂಪ್ರೆಸರಿನ ಗಾಳಿ ಫಿಲ್ಟರನ್ನು ಸ್ವಚ್ಛಗೊಳಿಸಿರಿ, ಬೇಸಗೆಯಲ್ಲಿ ಬಳಕೆಯಿಲ್ಲದಿದ್ದರೂ ತಿಂಗಳಿಗೊಮ್ಮೆ ಮಣ್ಣಿನ ನೆಲದ ಮೇಲೆ ಲಾಕರ್ ಹಾಕಿ ನೇರವಾಗಿ ಹತ್ತು ಮೀಟರ್ ಓಡಿಸಿ ಆರಿಸಿರಿ.